ಅಕ್ಕಿಕಾಳಿನಷ್ಟು ಗ್ರಂಥಿಯಲ್ಲಿ ಕೊಬ್ಬೆಷ್ಟು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪ್ರಯೋಗಾಲಯದ ಟೆಕ್ನೀಷಿಯನ್, ಎಲ್ಲರ ಬಾಯಲ್ಲಿ ‘ಎಣಿಕೆ ಅಕ್ಕ’, ಹೆಪ್ಪುಗಟ್ಟಿಸಿದ ಚೂರೊಂದನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸುತ್ತಿದ್ದಳು. ಚೂರು ಬಂದದ್ದು ಮೇಲಿನ ಮಹಡಿಯ ಆಪರೇಷನ್ ಕೋಣೆಯಿಂದ. ಅಲ್ಲಿ ಮೇಷ್ಟ್ರೊಬ್ಬರ ಕುತ್ತಿಗೆಯ ಶಸ್ತ್ರಚಿಕಿತ್ಸೆ ನಡೆದಿತ್ತು.

ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು. ಮೇಷ್ಟ್ರದ್ದರಲ್ಲಿ ಒಂದು ಗೋಡಂಬಿಯಷ್ಟು ಊದಿ ಕ್ಯಾಲ್ಸಿಯಂ ಏರಿಸಿತ್ತು, ಅದನ್ನು ತೆಗೆದಾಗಿತ್ತು. ಎರಡನೆಯದು ಸಣ್ಣದೇ, ಆದರೂ ಸರ್ಜನ್‌ಗೆ ಅನುಮಾನ. ಈ ಚೂರು ಅದರದ್ದೇ. ಇದೂ ಕೆಟ್ಟಿದೆ ಎಂದರೆ ಉಳಿದವಕ್ಕೂ ಕತ್ತರಿ ಬೀಳುತ್ತದೆ. ಆಮೇಲೆ ಕ್ಯಾಲ್ಸಿಯಂ ಕುಸಿದು ಬೆರಳು ಸೆಟೆದುಕೊಳ್ಳದಂತೆ ಮೇಷ್ಟ್ರು ಬದುಕಿಡೀ ಮಾತ್ರೆ ನುಂಗುತ್ತಿರಬೇಕಾದೀತು.

ಪ್ರಯೋಗಾಲಯದ ಹೊಸ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. “ಕೊಬ್ಬೇ ಇಲ್ವಲ್ಲಕ್ಕ! ಸರಿಯಾದ ಗ್ರಂಥಿಲಿ ಅರ್ಧದಷ್ಟಿರಬೇಕು ಅಂತ ಪುಸ್ತಕದಲ್ಲಿದೆ. ಇದೂ ಕೆಟ್ಟಿದೆ.” ಸರ್ಜನ್‌ಗೆ ತಿಳಿಸಲು ಫೋನಿಗೆ ಕೈ ಹಾಕಿದರು.

ಅಕ್ಕ ಫೋನಿನ ಮೇಲೆ ಅಂಗೈ ಇಟ್ಟಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಡಾಕ್ಟರ ಮಾತಿಗೆ ಅಡ್ಡ ಬಂದದ್ದು ಇದೇ ಮೊದಲು.

“ಪುಸ್ತಕಕ್ಕೆ ಕುತ್ತಿಗೆ ಇಲ್ಲ ಮೇಡಂ. ನಾನು ಎಣಿಸಿದ್ದೀನಿ.”

ಎಣಿಸಿದ್ದು ನಿಜ. ಬೇರೆ ಕಾರಣಕ್ಕೆ ಸತ್ತವರ ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ ಗ್ರಂಥಿಗಳನ್ನು, ಹಿಂದಿನ ಮುಖ್ಯಸ್ಥರ ಒಪ್ಪಿಗೆ ಪಡೆದು, ನಾಲ್ಕು ವರ್ಷ ಊಟದ ಬಿಡುವಿನಲ್ಲಿ ನೋಡಿದ್ದಳು. ಮಸೂರದೊಳಗೆ ನೂರು ಚುಕ್ಕೆಯ ಜಾಲರಿ. ಎಷ್ಟು ಚುಕ್ಕೆ ಕೊಬ್ಬಿನ ಮೇಲೆ ಬಿದ್ದವೋ ನೂರಕ್ಕೆ ಅಷ್ಟು ಪಾಲು. “ಸತ್ತವರ ಕೊಬ್ಬು ಎಣಿಸ್ತಾಳೆ, ಒಲೆ ಮೇಲೆ ಹಾಲುಕ್ಕಿದ್ದು ಮಾತ್ರ ಕಾಣಲ್ಲ” ಎಂದು ಅತ್ತೆ ಆಡಿಕೊಂಡರೂ ಪಟ್ಟು ಬಿಡಲಿಲ್ಲ. ಒಬ್ಬರದ್ದರಲ್ಲಿ ಅರವತ್ತು, ಇನ್ನೊಬ್ಬರದ್ದರಲ್ಲಿ ಐದು. ಒಬ್ಬರದೇ ಎರಡು ಗ್ರಂಥಿಗಳಿಗೂ ತಾಳೆಯಿಲ್ಲ.

“ಹಾಗಾದ್ರೆ ಏನನ್ನ ನಂಬೋದು?”

“ಕೊಬ್ಬೊಂದನ್ನೇ ನಂಬ್ಕೊಂಡು ಹೇಳ್ಬೇಡಿ. ಸರ್ಜನ್‌ನ ಗಾತ್ರ ಕೇಳಿ. ಅಷ್ಟರಲ್ಲಿ ಕೊಬ್ಬಿಗೆ ಹಿಡಿಯೋ ಕೆಂಪು ಬಣ್ಣ ಹಾಕಿ ಇನ್ನೊಂದು ಸ್ಲೈಡ್ ಕೊಡ್ತೀನಿ.”

ಗಾತ್ರ ಐದೇ ಮಿಲಿಮೀಟರ್, ಅಕ್ಕಿಕಾಳಿನಷ್ಟೇ. ಹೊಸ ಸ್ಲೈಡಿನಲ್ಲಿ ಜೀವಕೋಶಗಳ ಒಳಗೇ ಕೊಬ್ಬಿನ ಕೆಂಪು ಹನಿಗಳು ಕಂಡವು, ಆರೋಗ್ಯದ ಗ್ರಂಥಿಯಲ್ಲಿ ಸಾಮಾನ್ಯವಾಗಿ ಕಾಣುವಂತೆ. “ಜೀವಕೋಶಗಳ ಸುತ್ತ ಕೊಬ್ಬಿಲ್ಲ, ಆದ್ರೂ ಸರಿಯಾಗಿದೆ. ಇದನ್ನ ಬಿಟ್ಬಿಡಿ ಸರ್” ಎಂದು ಡಾಕ್ಟರಮ್ಮ ಫೋನಿನಲ್ಲಿ ತಿಳಿಸಿದರು.

“ಸುತ್ತ ಕೊಬ್ಬಿಲ್ಲ ಅಂತೀರಿ, ಸರಿಯಾಗಿದೆ ಅಂತೀರಿ! ಯಾರ್ರೀ ಹೇಳಿದ್ದು?” ಸರ್ಜನ್ ಗದರಿದರು. ಡಾಕ್ಟರಮ್ಮ ಫೋನನ್ನು ಅಕ್ಕನ ಕೈಗೇ ಕೊಟ್ಟರು.

ಮೇಷ್ಟ್ರ ಮೂರು ಗ್ರಂಥಿಗಳು ಉಳಿದವು. ಮೂರನೆಯ ದಿನಕ್ಕೆ ಕ್ಯಾಲ್ಸಿಯಂ ಹದಕ್ಕೆ ಬಂತು. ಆಪರೇಷನ್ನಿನ ದಿನ ಫೋನು ಕೈಗೆ ಬಂದಾಗ ಅಕ್ಕ ನಿಂತಲ್ಲೇ ನಿಂತು, ದನಿ ಏರಿಸದೆ ಹೇಳಿದ್ದು ಇಷ್ಟೇ:

“ನಾನು ಸರ್. ಕಾಯಿಲೆ ಇಲ್ಲದ ಗ್ರಂಥಿ ನೂರಾ ಹನ್ನೆರಡು ಎಣಿಸಿದ್ದೀನಿ. ಅದರಲ್ಲಿ ನೂರಕ್ಕೆ ಹತ್ತು ಪಾಲೂ ಕೊಬ್ಬಿಲ್ಲದ್ದು ಮೂವತ್ತೊಂದು.”