ಪುಟ್ಟಲಕ್ಷ್ಮಮ್ಮನ ಹಿಮ್ಮಡಿ

ಬೆಳಗಿನ ಹೊತ್ತು ಪುಟ್ಟಲಕ್ಷ್ಮಮ್ಮ ತುದಿಗಾಲಿನಲ್ಲಿ ನಡೆಯುತ್ತಿದ್ದರು. ಕಿಕ್ಕೇರಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಹಿಮ್ಮಡಿ ನೆಲಕ್ಕೆ ತಾಗದಂತೆ, ಗೋಡೆ ಹಿಡಿದು, ಕಳ್ಳಬೆಕ್ಕಿನ ಹಾಗೆ ಕೊಟ್ಟಿಗೆಗೆ ಹೋಗುತ್ತಿದ್ದರು. ಹೊತ್ತೇರಿದರೆ ನಡಿಗೆ ನೆಟ್ಟಗಾಗುತ್ತಿತ್ತು. ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತು ಎದ್ದರೆ ಮತ್ತೆ ಅದೇ ಪಾಡು. ಆ ಹಸುವೋ, ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಸೊಸೆ ಒಮ್ಮೆ ಪ್ರಯತ್ನಿಸಿ ಚೊಂಬು ಸಮೇತ ಉರುಳಿದ್ದಳು. "ನಾನು ಕೂರಕ್ಕಾಗ್ದಿದ್ ದಿನ ಈ ಅಸ ಮಾರೋದೆಯಾ" ಎಂದು ಅವರು ಹೆದರುತ್ತಿದ್ದರು. ಗಂಡ ತೀರಿದ ಮೇಲೆ ಅವರ ಮಾತುಕತೆಯೆಲ್ಲ ಅದರ ಜೊತೆಗೇ.

ಬೈದು ಬೈದು ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆ.ಆರ್. ಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದೆ. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ಮಲಗಿದ್ದಾಗ ಬಿಗಿದುಕೊಳ್ಳುತ್ತದೆ, ಎದ್ದು ಪಾದ ಊರಿದ ಕೂಡಲೇ ಎಳೆಯುತ್ತದೆ, ಅದೇ ನೋವು ಎಂದರು ಡಾಕ್ಟರು. ಹಾಸಿಗೆಯಲ್ಲೇ ಕಾಲು ನೀಡಿ, ಬೆರಳಿಗೆ ಟವಲ್ ಹಾಕಿ ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳಬೇಕು, ಮೆತ್ತನೆ ಚಪ್ಪಲಿ ಹಾಕಬೇಕು, ಗುಣವಾಗಲು ತಿಂಗಳುಗಳೇ ಬೇಕು. ಸಕ್ಕರೆ ಕಾಯಿಲೆಯೂ ಇತ್ತು. ಅಂಗಾಲಿಗೆ ಚುಚ್ಚಿ ನೋಡಿದರೆ "ಏನೂ ಗೊತ್ತಾಗ್ನಿಲ್ಲ" ಎಂದು ಹೆಮ್ಮೆಯಿಂದ ನಕ್ಕರು. ಡಾಕ್ಟರು ನಗಲಿಲ್ಲ. "ಶಾಖ ಮಾತ್ರ ಕೊಡ್ಬೇಡಿ ಅಮ್ಮ" ಎಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಗೊಣಗಾಟ. "ಇಷ್ಟ್ ದೂರ ಬಂದು ಟವಲ್ ಎಳ್ಯಾದ್ ಕಲ್ತಂಗಾಯ್ತು. ಒಂದ್ ಇಂಜೆಕ್ಸನ್ನೂ ಕೊಡ್ನಿಲ್ವಲ್ಲ ಮೇಷ್ಟ್ರೇ, ಅವ್ನೆಂತಾ ಡಾಕ್ಟ್ರು?" ಬೈದುಕೊಂಡೇ ಎಳೆದರು. ನೋವು ಕೊಂಚ ತಗ್ಗಿತು ಕೂಡ. ಅಷ್ಟರಲ್ಲಿ ಹಸು ಕರು ಹಾಕಿತು. ಹಾಲು ಹೆಚ್ಚಾಯಿತು, ಕೂತು ಏಳುವುದೂ ಹೆಚ್ಚಾಯಿತು, ನೋವು ಮರಳಿತು. ತಿಂಗಳುಗಟ್ಟಲೆ ಕಾಯುವ ಜೀವವೇ ಅದು?

ನಮ್ಮ ಕಡೆ ಹಿಮ್ಮಡಿ ನೋವಿಗೆ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹರಡಿ, ಅದರ ಮೇಲೆ ಕಾಲೂರುತ್ತಾರೆ. ಬಿಸಿ ತಡೆಯಲಾಗದಾಗ ತೆಗೆಯಬೇಕು, ಅದೇ ಲೆಕ್ಕ. ಪುಟ್ಟಲಕ್ಷ್ಮಮ್ಮ ಬಿಸಿ ತಾಗಲಿ ಎಂದು ಕಾದರು. ತಾಗಲೇ ಇಲ್ಲ. ಚರ್ಮ ಸುಟ್ಟ ವಾಸನೆ ಸೊಸೆಯ ಮೂಗಿಗೆ ಬಡಿದಾಗಲೇ ಗೊತ್ತಾದದ್ದು. ಬೊಬ್ಬೆ ಹುಣ್ಣಾಯಿತು, ಹುಣ್ಣು ಮೂಳೆಗೆ ಇಳಿಯಿತು. ಮೈಸೂರಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ?

ಅವರು ಆಸ್ಪತ್ರೆಯಲ್ಲಿದ್ದಾಗಲೇ ಮಗ ಹಸುವನ್ನು ಬೆಳ್ಳೂರಿನ ಕಡೆಯವರಿಗೆ ಮಾರಿದ. ಅವನನ್ನೂ ಬೈಯುವಂತಿರಲಿಲ್ಲ, ಯಾರನ್ನೂ ಹತ್ತಿರ ಸೇರಿಸದ ಹಸುವನ್ನು ಇಟ್ಟುಕೊಂಡು ಮಾಡುವುದೇನು? ಕೊನೆಯ ಸಲ ನೋಡಲು ಹೋದಾಗ ಪುಟ್ಟಲಕ್ಷ್ಮಮ್ಮ ನಡುಮನೆಯ ಚಾಪೆಯ ಮೇಲೆ ಮಲಗಿದ್ದರು. ಹೇಗಿದ್ದೀರಿ ಎಂದು ಕೇಳಬಾರದಿತ್ತು, ಬಾಯಿಗೆ ಬಂದದ್ದು ಅದೇ.

"ಹಾಲ್ ಕರ್ಯೋ ಒತ್ಗೆ ಎಚ್ರಾಯ್ತದೆ ಕಣ್ ಮೇಷ್ಟ್ರೇ. ಅಸ ಇಲ್ಲ, ಕಾಲಿಲ್ಲ. ಇಮ್ಮಡಿ ನೋವೊಂದು ಅಂಗೇ ಅದೆ. ಸೊಸೆ ನಂಬಾಕಿಲ್ಲ. ಉಜ್ಜಾನ ಅಂತ ಕೈ ಆಕುದ್ರೆ ಬರೀ ಚಾಪೆ ಸಿಕ್ತದೆ."