ಡಬ್ಬಿಗೆ ಕಟ್ಟಿದ ದಾರ

ಆರು ಮಂದಿಗೆ ಬೇಯಿಸಿ ಪಳಗಿದ ಕೈಗೆ ಒಬ್ಬರ ಅಡುಗೆ ಎಂದರೆ ಏನೆಂದೇ ತಿಳಿಯುವುದಿಲ್ಲ. ಟೈಲರಕ್ಕನ ಕೈಯೂ ಹಾಗೇ. ಅತ್ತೆ ಮಾವ ಹೋದರು, ಗಂಡ ಹೋದ, ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ದೂರದೂರ ಸೇರಿದರು. ಪಾತ್ರೆಗೆ ಸುರಿಯುವ ಅಕ್ಕಿ ಮಾತ್ರ ಹಳೆಯ ಅಳತೆಯಲ್ಲೇ ಉಳಿಯಿತು. "ಕಮ್ಮಿ ಮಾಡೋಣ ಅಂತೀನಿ, ಈ ಕೈ ನನ್ನ ಮಾತು ಕೇಳಬೇಕಲ್ಲ," ಎಂದು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಳು. ಅನ್ನ ಚೆಲ್ಲುವುದೆಂದರೆ ಅವಳಿಗೆ ಪ್ರಾಣಸಂಕಟ. ಹಾಗಾಗಿ ಉಳಿದದ್ದೆಲ್ಲ ಫ್ರೀಜರಿಗೆ.

ಅದನ್ನೂ ಹೇಗೆಂದರೆ ಹಾಗೆ ತುರುಕುವವಳಲ್ಲ ಅವಳು. ಮೊದಲು ಪೂರ್ತಿ ಆರಬೇಕು; ಬಿಸಿಬಿಸಿ ತುಂಬಿ ಮುಚ್ಚಿದರೆ ಮುಚ್ಚಳದ ನೀರೆಲ್ಲ ಅನ್ನದ ಮೇಲೆ ಮಂಜುಗಡ್ಡೆಯಾಗುತ್ತದೆ. ಆಮೇಲೆ ಅಂಗೈಯಗಲದ ಡಬ್ಬಿಗಳಿಗೆ, ಒಬ್ಬರಿಗೆ ಒಂದು ಹೊತ್ತಿಗಾಗುವಷ್ಟು. ತೆಳುವಾದ ಬೇಳೆಯಾದರೆ ಮೇಲೆ ಒಂದು ಬೆರಳು ಜಾಗ ಬಿಡಬೇಕು, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ಡಬ್ಬಿಯ ಮೇಲೆ ಹೆಸರು ಬರೆದು ನೋಡಿದಳು, ತೇವಕ್ಕೆ ಅಳಿಸಿಹೋಯಿತು. ಹೊಲಿಯುವವಳ ಮನೆಯಲ್ಲಿ ದಾರಕ್ಕೆ ಬರವೇ? ಅನ್ನಕ್ಕೆ ಬಿಳಿ, ಬೇಳೆಗೆ ಹಳದಿ, ಸೊಪ್ಪಿಗೆ ಹಸಿರು, ಖಾರ ಮುಂದಾದದ್ದಕ್ಕೆ ಕೆಂಪು. ಡಬ್ಬಿಗೆ ದಾರ ಸುತ್ತಿ, ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಿದ್ದಳು. ಬಿಚ್ಚಿದ ದಾರ ಮತ್ತೆ ರೀಲಿಗೆ ಹೋಗುತ್ತಿತ್ತು.

ಆ ಡಬ್ಬಿಗಳ ಊಟ ತಿಂದು ಬದುಕಿದವರು ಅವಳಿದ್ದ ಕಟ್ಟಡದಲ್ಲಿ ಬೇಕಾದಷ್ಟು ಜನ. ಮೇಲಿನ ಮಹಡಿಯ ನರ್ಸಮ್ಮನಂತೂ ಡ್ಯೂಟಿ ಮುಗಿಸಿ ಬಂದು ಮೆಟ್ಟಿಲು ಹತ್ತುವ ಮೊದಲೇ ಅವಳ ಕೈಗೆ ಒಂದು ಹಳದಿ ದಾರದ ಡಬ್ಬಿ ಬಂದುಬಿಡುತ್ತಿತ್ತು. ಶರತ್ತು ಒಂದೇ, ಡಬ್ಬಿ ಖಾಲಿಯಾಗಿಯೇ ವಾಪಸ್ ಬರಬೇಕು. "ಖಾಲಿ ಡಬ್ಬಿ ಹೇಗೆ ಕೊಡೋದಕ್ಕಾ?" ಎಂದು ನರ್ಸಮ್ಮ ಒಮ್ಮೆ ರಾಗ ಎಳೆದಿದ್ದಳು. "ಹೇಗೆ ಅಂದ್ರೆ? ಕೈಯಲ್ಲಿ ಹಿಡ್ಕೊಂಡು," ಎಂದಳು ಟೈಲರಕ್ಕ. ಕೊಡುವುದರಲ್ಲಿ ಎತ್ತಿದ ಕೈ; ತೆಗೆದುಕೊಳ್ಳುವುದೆಂದರೆ ಮಾತ್ರ ಆ ಕೈ ಬೆನ್ನ ಹಿಂದೆ ಅಡಗುತ್ತಿತ್ತು.

ಇಂಥವಳು ಒಂದು ದಿನ ಬಟ್ಟೆಯ ಗಂಟು ಇಳಿಸಲು ಸ್ಟೂಲು ಹತ್ತಿ, ಇಳಿಯುವಾಗ ಕಾಲು ಜಾರಿ, ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು.

ಸುದ್ದಿ ಕೇಳಿದ ತಮ್ಮ ಬೇಕರಿಯ ವ್ಯಾನನ್ನು ಬೀದಿಯಲ್ಲೇ ನಿಲ್ಲಿಸಿ ಓಡಿಬಂದ. ಅಂಗಡಿ ಅಂಗಡಿಗೆ ಬ್ರೆಡ್ಡು ಹಂಚುವ ಕೆಲಸ ಅವನದು. ಮೈಕೈಗೆಲ್ಲ ಹಿಟ್ಟು, ಒಂದು ಶೂ ದಾರ ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. "ಅಕ್ಕಾ, ಬಟ್ಟೆ ತುಂಬ್ಕೋ. ನಮ್ಮನೆಗೆ ನಡಿ," ಎಂದವನೇ ಹೊಸಿಲಲ್ಲಿ ಕೂತು ದಾರ ಕಟ್ಟತೊಡಗಿದ.

ಅವನು ಶೂ ಕಟ್ಟುವುದನ್ನು ನೋಡಿದರೆ ಅವಳಿಗೆ ಆ ನೋವಿನಲ್ಲೂ ನಗು. ಸ್ಕೂಲಿಗೆ ಸೇರಿಸಿದ ವರ್ಷ ಅವನನ್ನು ಎದುರಿಗೆ ಕೂರಿಸಿಕೊಂಡು ಅವಳೇ ಕಲಿಸಿದ್ದು. ಎದುರಿಗೆ ಕೂತದ್ದೇ ತಪ್ಪಾಯಿತು. ಕನ್ನಡಿಯಲ್ಲಿ ಕಂಡಂತೆ ಕಲಿತ. ಎಲ್ಲರೂ ಬಲಕ್ಕೆ ಸುತ್ತಿದರೆ ಇವನು ಎಡಕ್ಕೆ ಸುತ್ತಿ, ಕುಣಿಕೆಯನ್ನು ಆಚೆಯಿಂದ ಈಚೆಗೆ ಎಳೆಯುತ್ತಾನೆ. ತಲೆಗೂದಲು ನೆರೆಯತೊಡಗಿದರೂ ಅದೇ ತಿರುಗುಮುರುಗು ಗಂಟು.

"ನಿಮ್ಮನೇಲಿ ನನ್ನ ಮಷೀನ್ ಎಲ್ಲಿಡ್ತೀಯ? ನಿನ್ನ ತಲೆ ಮೇಲಾ?" ಎಂದಳು. ಇದ್ದ ಎರಡು ಕೋಣೆಯಲ್ಲಿ ನಾಲ್ಕು ಜನ ಅಲ್ಲಿ. ಇನ್ನು ಈ ಬೀದಿಗೆ ಬಾಗಿಲಿರುವ ಮುಂಗೋಣೆಯನ್ನು ಒಮ್ಮೆ ಬಿಟ್ಟರೆ ಮನೆ ಮಾಲೀಕ ಮರುದಿನವೇ ಬೇರೆಯವರಿಗೆ ಕೊಡುತ್ತಾನೆ. ಗಂಡ ಸತ್ತ ಮೇಲೆ ಇದೇ ಕೋಣೆಯಲ್ಲಿ, ಇದೇ ಮಷೀನಿನ ಮುಂದೆ ಕೂತು ಇಬ್ಬರು ಮಕ್ಕಳನ್ನು ದಡ ಸೇರಿಸಿದ್ದಳು. ಇದು ಕೈಬಿಟ್ಟರೆ ಕೈ ಕೂಡಿಕೊಂಡೂ ಏನು ಪ್ರಯೋಜನ?

"ಆಯ್ತು, ಒಂದು ಮಾತು," ಎಂದು ಫ್ರೀಜರ್ ಬಾಗಿಲು ತೆಗೆದು ತೋರಿಸಿದಳು. "ಇದರಲ್ಲಿ ಡಬ್ಬಿ ಇರೋವರೆಗೂ ನಾನಿಲ್ಲೇ. ಮುಗಿದ ದಿನ ನೀನು ಕರೆದ ಕಡೆ ಬರ್ತೀನಿ, ತುಟಿಪಿಟಕ್ ಅನ್ನಲ್ಲ."

"ಮಾತಂದ್ರೆ ಮಾತು," ಎಂದ ತಮ್ಮ. "ಭಾನುವಾರ ಭಾನುವಾರ ಬಂದು ನೋಡ್ತೀನಿ."

ಎಳೆದರೆ ಬಿಚ್ಚುವ ಗಂಟು ಈಗ ಅವಳ ಪಾಲಿನ ದೇವರಾಯಿತು. ಒಂಟಿ ಎಡಗೈಯಲ್ಲಿ ತುದಿ ಎಳೆದು, ಮುಚ್ಚಳ ತೆಗೆದು, ಬಿಸಿ ಮಾಡಿಕೊಂಡು ಉಂಡಳು. ತಾನು ಯಾವತ್ತೋ ಮಾಡಿದ ಅಡುಗೆ ತನ್ನನ್ನೇ ಸಾಕುತ್ತಿತ್ತು. ಆದರೆ ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಎರಡು ವಾರ ಕಳೆಯುವಷ್ಟರಲ್ಲಿ ಫ್ರೀಜರಿನ ಹಿಂಬದಿಯ ಗೋಡೆ ಕಾಣಿಸಿತು. ಒಂದು ಡಬ್ಬಿಯನ್ನು ಎರಡು ಹೊತ್ತಿಗೆ ಮಾಡಿಕೊಂಡಳು. ನರ್ಸಮ್ಮ ದಿನಾ ಬಂದು ತಲೆ ಬಾಚಿಕೊಟ್ಟು, "ಊಟ ತಂದುಕೊಡ್ಲಾ?" ಎಂದು ಕೇಳಿದರೆ, "ಹೊಟ್ಟೆ ತುಂಬಿದೆ," ಎಂದಳು. ಎಷ್ಟು ತುಂಬಿತ್ತು ಎಂಬುದು ಆ ಹೊಟ್ಟೆಗೇ ಗೊತ್ತು. ಭಾನುವಾರ ಹತ್ತಿರ ಬಂದಂತೆ ಮಷೀನಿನ ಮೇಲೆ ಕೈಯಾಡಿಸುತ್ತ ಕೂರುತ್ತಿದ್ದಳು.

ಅಂಥ ಒಂದು ಬೆಳಿಗ್ಗೆ ಹಾಲು ತಂದು ಫ್ರೀಜರ್ ತೆಗೆದರೆ ಮುಂದಿನ ಸಾಲು ತುಂಬಿತ್ತು. ಒಂದು ಡಬ್ಬಿ ತೆಗೆದು ದಾರದ ತುದಿ ಎಳೆದಳು. ಬಿಚ್ಚಲಿಲ್ಲ, ಇನ್ನೂ ಬಿಗಿಯಿತು. ಮತ್ತೆ ಎಳೆದಳು, ಊಹೂಂ. ಹಲ್ಲಿನಿಂದ ಕಚ್ಚಿ ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಹಳದಿ ದಾರ, ಒಳಗೆ ನೋಡಿದರೆ ಸೊಪ್ಪು. ಇದು ಬ್ಯಾಂಡೇಜು ಕಟ್ಟುವವರ ಗಂಟು ಎಂದು ಗೊತ್ತಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಬ್ಬಿ ಹಿಡಿದು ದಡದಡ ಮೆಟ್ಟಿಲು ಹತ್ತಿದಳು.

"ಏನಮ್ಮಾ ಇದು? ನನಗೇ ಭಿಕ್ಷೆ ಹಾಕೋಕೆ ಶುರು ಮಾಡಿದ್ಯಾ?"

ನರ್ಸಮ್ಮ ಹೆದರಲಿಲ್ಲ. "ಅಕ್ಕಾ, ನಿಮ್ಮ ಡಬ್ಬಿ ಇಲ್ದಿದ್ರೆ ನಾನೆಷ್ಟು ದಿನ ಖಾಲಿ ಹೊಟ್ಟೇಲಿ ಮಲಗ್ತಿದ್ದೆ ಗೊತ್ತಾ? ಅವತ್ತೆಲ್ಲ ನನಗೆ ಭಿಕ್ಷೆ ಹಾಕಿದ್ರಾ ನೀವು?"

ಟೈಲರಕ್ಕ ಎತ್ತಿ ಹಿಡಿದಿದ್ದ ಡಬ್ಬಿಯನ್ನು ಕೆಳಗಿಳಿಸಿದಳು.

"ಆದ್ರೂ ನಂದು ಅದೊಂದೇ ಡಬ್ಬಿ," ಎಂದು ನರ್ಸಮ್ಮ ತಲೆ ತಗ್ಗಿಸಿದಳು. "ಉಳಿದವು ಬೇರೆಯವರದ್ದು. ನೀವು ಹಾಲು ತರೋಕೆ ಹೋದಾಗ ಬಂದು, ನನ್ನ ಹತ್ರ ಇರೋ ನಿಮ್ಮನೆ ಕೀ ಇಸ್ಕೊಂಡು, ತಂದ ಅಡುಗೇನ ನಿಮ್ಮ ಡಬ್ಬಿಗೇ ತುಂಬಿಟ್ಟು ಹೋದ್ರು. ಯಾರು ಅಂತ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಹೇಳಬೇಕಾಗಿಯೂ ಇರಲಿಲ್ಲ. ಕೆಳಗಿಳಿದು ಉಳಿದ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಅವಳದೇ ಡಬ್ಬಿಗಳು, ಅವಳದೇ ರೀಲಿನ ದಾರ. ಒಂದೊಂದಕ್ಕೂ ಶೂಗೆ ಕಟ್ಟಿದ ಹಾಗೆ ಎರಡು ಕಿವಿಯ ಗಂಟು. ಎಡಕ್ಕೆ ಸುತ್ತಿ, ಕುಣಿಕೆಯನ್ನು ಆಚೆಯಿಂದ ಈಚೆಗೆ ಎಳೆದ ಗಂಟು. ಅವಳು ಕುರ್ಚಿಯಲ್ಲಿ ಕುಸಿದು ಕೂತು ಮನಸಾರೆ ಅತ್ತಳು. ಅಷ್ಟು ಹಿತವಾಗಿ ಅತ್ತು ಎಷ್ಟು ಕಾಲವಾಗಿತ್ತೋ.

ಭಾನುವಾರ ತಮ್ಮ ಬಂದ. ಮುಖವನ್ನು ಪೊಲೀಸಿನವರ ಹಾಗೆ ಗಂಟಿಕ್ಕಿಕೊಂಡು ಫ್ರೀಜರ್ ತೆಗೆದ. "ಇನ್ನೂ ಮುಗಿದಿಲ್ವಾ? ಸರಿ ಬಿಡು, ಮಾತು ಕೊಟ್ಟಾಗಿದೆ. ಮುಂದಿನ ವಾರ ನೋಡೋಣ," ಎಂದ. ಎಷ್ಟು ಚೆನ್ನಾಗಿ ನಟಿಸಿದನೆಂದರೆ ಅವಳಿಗೆ ಅವನ ಬೆನ್ನಿಗೆ ಒಂದು ಗುದ್ದಬೇಕೆನಿಸಿತು. ಸುಮ್ಮನೆ ಚಹಾ ಕೊಟ್ಟಳು. ಹೊರಡುವಾಗ ಅವನು ಹೊಸಿಲಲ್ಲಿ ಕೂತು ಶೂ ಹಾಕಿಕೊಂಡ. ಅವಳು ಎದುರಿಗೆ ಬಂದು ಕೂತಳು.

"ಏನಕ್ಕಾ ಹಾಗೆ ನೋಡ್ತಿದೀಯ?"

"ಏನಿಲ್ಲ. ಚಿಕ್ಕೋನಿದ್ದಾಗ ನಿನ್ನ ಪಕ್ಕದಲ್ಲಿ ಕೂತು ಕಲಿಸ್ಬೇಕಿತ್ತು ಅಂತ ಯಾವಾಗಲೂ ಅಂದ್ಕೋತಿದ್ದೆ. ಎದುರಿಗೆ ಕೂತು ಕಲಿಸಿದ್ದೇ ಒಳ್ಳೇದಾಯ್ತು ಕಣೋ."

ಅವನ ಕೈ ಅರ್ಧ ಗಂಟಿನಲ್ಲೇ ನಿಂತಿತು. ಕಿವಿ ಕೆಂಪಾಯಿತು. ತಲೆ ಎತ್ತಲಿಲ್ಲ.

"ನಮ್ಮನೇಲಿ ನೀನು ಸುಮ್ನೆ ಕೈಕಟ್ಟಿ ಕೂತಿರೋದನ್ನ ನೋಡೋಕೆ ನನ್ನಿಂದ ಆಗಲ್ಲ ಅಕ್ಕ," ಎಂದ ಕೊನೆಗೆ. "ಕರೆಯೋದು ಕರೆದೆ. ಆಮೇಲೆ ದಾರಿಯುದ್ದಕ್ಕೂ ನಿನ್ನ ಮಷೀನೇ ಕಣ್ಣ ಮುಂದೆ."

"ನಿನ್ನ ಹೆಂಡತಿಗೆ ಹೇಳು, ಊಟ ಚೆನ್ನಾಗಿದೆ. ಬೇಳೆಗೆ ಉಪ್ಪು ಮಾತ್ರ ಸ್ವಲ್ಪ ಜಾಸ್ತಿ."

"ಅವಳಲ್ಲ. ನಾನೇ ಮಾಡಿದ್ದು."

"ನೀನಾ? ನೀರು ಕಾಯಿಸೋಕೂ ಬರ್ತಿರ್ಲಿಲ್ಲ ನಿನಗೆ!"

"ಕಲಿತೆ," ಎಂದ. "ಒಬ್ಬರಿಗಾಗುವಷ್ಟು ಅಳತೆ ಎಷ್ಟು ಅಂತಾನೇ ಗೊತ್ತಾಗಲಿಲ್ಲ, ನಿನ್ನ ಹಾಗೇ. ನಾಲ್ಕು ಡಬ್ಬಿ ಆಗೋಯ್ತು."

ಟೈಲರಕ್ಕ ಎದ್ದು ಒಳಗೆ ಹೋದಳು. ಒಂಟಿ ಕೈಯಲ್ಲಿ ತೊಳೆದು ಒರೆಸಿಟ್ಟಿದ್ದ ಖಾಲಿ ಡಬ್ಬಿಗಳನ್ನು ಚೀಲಕ್ಕೆ ತುಂಬಿದಳು. ದಾರದ ರೀಲುಗಳನ್ನೂ ಮೇಲಿಟ್ಟಳು. ಹೊರಗೆ ಬಂದು ಆ ಚೀಲವನ್ನು ತಮ್ಮನ ಮಡಿಲಿಗೆ ಹಾಕಿದಳು.

"ಪ್ಲಾಸ್ಟರ್ ಬಿಚ್ಚೋಕೆ ಇನ್ನೂ ಮೂರು ವಾರ ಇದೆ," ಎಂದಳು. "ತುಂಬಿಸ್ಕೊಂಡು ಬಾ. ಕದ್ದು ಬೇಡ, ಬಾಗಿಲು ತಟ್ಟಿ ಬಾ."