ಲೀಡರಕ್ಕನ ಕಾರು: ಗ್ಯಾಸೋ, ಟರ್ಬೋ

ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಲೀಡರಕ್ಕ ಎಂದೇ ಕರೆಯುತ್ತಿದ್ದರು. ಲೀಡರಿಕೆ ಮುಗಿದು ವರ್ಷಗಳಾಗಿದ್ದವು. ಹೆಸರು ಮಾತ್ರ ಗೋಡೆಯ ಮೇಲಿನ ಹಳೇ ಪೋಸ್ಟರಿನ ಗೋಂದಿನ ಹಾಗೆ ಅಂಟಿಕೊಂಡಿತ್ತು. ಸಂಘ ಕಟ್ಟಿದ್ದಳು, ಗೇಟಿನ ಮುಂದೆ ಕೂತಿದ್ದಳು, ಗಂಟಲು ಹರಿಯುವಂತೆ ಕೂಗಿದ್ದಳು. ಅಷ್ಟೆಲ್ಲ ಮಾಡಿ ಗೆದ್ದದ್ದು ಒಂದು ಕಂಪನಿ ಬಸ್ಸು, ಕೆಳಗಿನ ಬಡಾವಣೆಯಿಂದ ಗುಡ್ಡದ ಮೇಲಿನ ಕಾರ್ಖಾನೆಗೆ. ಸಂಘ ಒಡೆದು ಮೂರು ಪಾಲಾದ ಮೇಲೆ ಆ ಬಸ್ಸು ರಿಪೇರಿಗೆಂದು ಹೋಯಿತು. ಹೋದದ್ದು ಹೋಯಿತು. ಎಲ್ಲಿ ಎಂದು ಕೇಳುವುದಕ್ಕೆ ಯಾರಿಗೂ ದಮ್ಮಿರಲಿಲ್ಲ, ಲೀಡರಕ್ಕನಿಗೂ ಇರಲಿಲ್ಲ. ಕಾಲರ್ ಹೊಲಿದು ಹೊಲಿದು ಅವಳ ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಬಾಚಣಿಗೆಯನ್ನು ತಲೆಯ ಹತ್ತಿರ ಒಯ್ಯಲಾಗದೆ ತಲೆಯನ್ನೇ ಬಾಚಣಿಗೆಯ ಹತ್ತಿರ ತರುತ್ತಿದ್ದಳು.

ಗಂಡ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುವವನು. ಅವನು ಎಂದೋ ಕೊಂಡು ಮನೆಯ ಮುಂದೆ ನಿಲ್ಲಿಸಿದ್ದ ಪೆಟ್ರೋಲ್ ಕಾರನ್ನು ಲೀಡರಕ್ಕ ಹೊರಗೆ ತೆಗೆದದ್ದು ಬಸ್ಸು ನಿಂತ ಮೇಲೆ. ತಾನು ತಂದ ಬಸ್ಸು ತನ್ನ ಕಣ್ಣೆದುರೇ ಹೋಯಿತಲ್ಲ ಎಂಬ ಹೊಟ್ಟೆಯುರಿಗೆ ಅಕ್ಕಪಕ್ಕದ ಮೂವರನ್ನು ಹತ್ತಿಸಿಕೊಂಡಳು. ಒಮ್ಮೆ ಹತ್ತಿಸಿಕೊಂಡ ಮೇಲೆ ನಾಳೆಯಿಂದ ಬರಬೇಡಿ ಎನ್ನುವುದು ಹೇಗೆ? ಅಂತೂ ಕಾರು ದಿನದ ಪಾಡಾಯಿತು.

ಮುಂದಿನ ಸೀಟು ಪ್ಯಾಕಿಂಗಿನ ಗುಂಡಕ್ಕನದು. ಹಿಂದೆ ಕೂತರೆ ವಾಂತಿಯಾಗುತ್ತದೆ ಎನ್ನುತ್ತಿದ್ದಳು. ನಿಜವೆಂದರೆ ಹಿಂದೆ ಅವಳು ಹಿಡಿಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕಡೆ ಅಂಗಿಗೆ ಗುಂಡಿ ಹಚ್ಚಿ ಹಚ್ಚಿ ಬಟನ್ ಎಂದೇ ಹೆಸರಾದವಳು, ಕೈಗೂಸಿನ ತಾಯಿ. ಇನ್ನೊಂದು ಕಡೆ ಇಸ್ತ್ರಿಯಮ್ಮ. ಉಗಿ ಪೆಟ್ಟಿಗೆಯ ಮುಂದೆ ಬೆಂದು ಮುದುಕಿಯಾದವಳು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ ಇವಳೊಬ್ಬಳ ದುಡಿತವನ್ನೇ ನಂಬಿಕೊಂಡಿದ್ದ.

ಭಯವಿದ್ದದ್ದು ಇಸ್ತ್ರಿಯಮ್ಮನ ವಿಷಯದಲ್ಲೇ. ಸೈರನ್ ಕೂಗಿದ ಮೇಲೆ ಗೇಟು ಮುಚ್ಚುತ್ತಿತ್ತು. ತಡವಾಗಿ ಬಂದವರು ಮನೆಗೆ ವಾಪಸು. ವಯಸ್ಸಾದವರು ಮೂರು ಸಲ ವಾಪಸಾದರೆ ಕೆಲಸ ಹೋಯಿತೆಂದೇ ಲೆಕ್ಕ. ಇಸ್ತ್ರಿಯಮ್ಮನದು ಆಗಲೇ ಎರಡಾಗಿತ್ತು, ಎರಡೂ ಈ ಕಾರಿನ ದೆಸೆಯಿಂದ. ಗುಡ್ಡದ ಏರಿನಲ್ಲಿ ಕ್ವಾರಿಯ ಟಿಪ್ಪರುಗಳು ಕಲ್ಲು ತುಂಬಿಕೊಂಡು ತೆವಳುತ್ತಿದ್ದವು. ಅವುಗಳ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಎರಡನೇ ಗೇರಿನಲ್ಲಿ ಕಾರು ಅಳುತ್ತಿತ್ತು, ದಾಟುವಷ್ಟು ದಮ್ಮು ಅದಕ್ಕಿರಲಿಲ್ಲ. ನಾಲ್ವರೂ ಮುಂದಕ್ಕೆ ಬಾಗಿ ಕೂರುತ್ತಿದ್ದರು, ಹಾಗೆ ಬಾಗಿದರೆ ಕಾರಿಗೆ ಸಹಾಯವಾದೀತೇನೋ ಎನ್ನುವಂತೆ. ಇನ್ನೂ ಬೇಗ ಹೊರಡಬಹುದಿತ್ತಲ್ಲ ಎನ್ನುವವರು ಒಂದು ವಾರ ಆ ಮೆಷಿನ್ನಿನ ಮುಂದೆ ಕೂತು ಬಂದು ಆಮೇಲೆ ಮಾತಾಡಲಿ.

ಲೀಡರಕ್ಕ ಮೈದುನನ ಬಳಿ ಹೋದಳು. ಅವನದು ಗ್ಯಾರೇಜು. ಪಡ್ಡೆ ಹುಡುಗರ ಕಾರುಗಳಿಗೆ ರೇಸಿನ ವೇಷ ಹಾಕಿಕೊಡುವುದು ಅವನ ಕಸುಬು. ಬಾನೆಟ್ ಎತ್ತಿ, ಎಂಜಿನ್ನಿಗೆ ಕಿವಿಗೊಟ್ಟು, ಎಣ್ಣೆಕೈ ಒರೆಸಿಕೊಳ್ಳುತ್ತಾ ಎರಡು ದಾರಿ ಇವೆ ಎಂದ.

ಮೊದಲನೆಯದು ನೈಟ್ರಸ್. ಡಿಕ್ಕಿಯಲ್ಲಿ ಗ್ಯಾಸಿನ ಬಾಟಲಿ, ಕೈಗೆ ಸಿಗುವಲ್ಲಿ ಒಂದು ಗುಂಡಿ. ಒತ್ತಿದರೆ ಗ್ಯಾಸು ಎಂಜಿನ್ನಿಗೆ ನುಗ್ಗಿ ಪೆಟ್ರೋಲು ಧಗ್ಗನೆ ಹೆಚ್ಚು ಉರಿಯುತ್ತದೆ. ಬಿಟ್ಟರೆ ಕಾರು ಮತ್ತೆ ಮೊದಲಿನ ಹಾಗೆ. ಯಾರದೋ ರೇಸ್ ಕಾರಿನಿಂದ ಬಿಚ್ಚಿದ ಬಾಟಲಿ ಅವನಲ್ಲೇ ಬಿದ್ದಿತ್ತು, ಒಂದು ರಜೆಯ ದಿನ ಸಾಕು ಕೂಡಿಸುವುದಕ್ಕೆ. ಎರಡನೆಯದು ಟರ್ಬೊ. ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ಬಾಟಲಿ ತುಂಬಿಸುವ ತಲೆನೋವಿಲ್ಲ, ಏರು ಬಂದಾಗಲೆಲ್ಲ ಬಲ ಇದ್ದೇ ಇರುತ್ತದೆ. ಆದರೆ ಎಂಜಿನ್ ಇಳಿಸಿ, ಒಳಗಿನ ಸವೆದ ಭಾಗ ಬದಲಿಸಿ ಆಮೇಲೆ ಹಾಕಬೇಕು. ಕಾರು ಎರಡು ಮೂರು ವಾರ ಶೆಡ್ಡಿನಲ್ಲಿ.

“ದಿನಾ ಓಡಿಸೋ ಕಾರಿಗೆ ಟರ್ಬೊನೇ ಸರಿ ಅತ್ತಿಗೆ,” ಎಂದ. “ಗ್ಯಾಸು ಅಂದ್ರೆ ಮುದುಕನಿಗೆ ಹೆಂಡ ಕುಡಿಸಿ ಕುಣಿಸಿದ ಹಾಗೆ. ಕುಣೀತಾನೆ. ಎಷ್ಟು ದಿನ ಅಂತ ಕೇಳ್ಬೇಡಿ.”

ಅಷ್ಟು ಹೇಳಿದ ಮೇಲೆ ಬೇರೆ ಯಾರಾದರೂ ಮನೆಗೆ ಬಂದು ಮಲಗಿ, ಬೆಳಿಗ್ಗೆ ಎದ್ದು ತೀರ್ಮಾನ ಮಾಡುತ್ತಿದ್ದರು. ಲೀಡರಕ್ಕನ ಕಾರಿನಲ್ಲಿ ಹಾಗಿರಲಿಲ್ಲ. ಅಲ್ಲಿ ಎಲ್ಲದಕ್ಕೂ ಕೈ ಎತ್ತಬೇಕು. ಕಿಟಕಿ ಇಳಿಸುವುದಕ್ಕೆ, ರೇಡಿಯೊ ಹಾಕುವುದಕ್ಕೆ, ಟೀಗೆ ನಿಲ್ಲಿಸುವುದಕ್ಕೆ, ಎಲ್ಲಕ್ಕೂ ಓಟು. ಸಂಘದಲ್ಲಿ ಒಬ್ಬರೇ ತೀರ್ಮಾನ ಮಾಡಲು ಹೊರಟದ್ದರಿಂದಲೇ ಎಲ್ಲ ಹಾಳಾಯಿತು ಎಂಬುದು ಅವಳಿಗೆ ಮೈಗಂಟಿದ ನಂಬಿಕೆ. ಕೈ ಏಳದ ಅವಳು ಮಾತ್ರ ಸ್ಟೀರಿಂಗಿನಿಂದ ಒಂದು ಬೆರಳೆತ್ತುತ್ತಿದ್ದಳು. ಅದನ್ನೇ ಕೈ ಎಂದು ಒಪ್ಪಿಕೊಳ್ಳಲು ಕೂಡ ಹಿಂದೊಮ್ಮೆ ಓಟಾಗಿತ್ತು.

ಮೈದುನ ಹೇಳಿದ್ದನ್ನು ಒಂದೂ ಬಿಡದೆ ಮೂವರ ಮುಂದಿಟ್ಟಳು. ಟರ್ಬೊ ಎಂದಾಗ ಎದ್ದದ್ದು ಅವಳದೊಂದೇ ಬೆರಳು.

“ಎರಡು ಮೂರು ವಾರ ಕಾರಿಲ್ಲ ಅಂದ್ರೆ ನಾನು ಹ್ಯಾಗೆ ಬರ್ಲಿ ತಾಯಿ?” ಎಂದಳು ಇಸ್ತ್ರಿಯಮ್ಮ. “ಒಂದು ದಿನ ತಡ ಆದ್ರೂ ನಾನು ಮನೇಲೇ.”

ಮೂರು ಕೈ ಗ್ಯಾಸಿಗೆ ಬಿದ್ದವು. ಲೀಡರಕ್ಕ ಇನ್ನೊಂದು ಮಾತು ಹೇಳಬಹುದಿತ್ತು. ಆದರೆ ಬಹುಮತ ಬಂದ ಮೇಲೆ ವಾದ ಮಾಡುವವರನ್ನು ಅವಳು ಸಂಘದಲ್ಲಿ ಸಾಕಷ್ಟು ಕಂಡಿದ್ದಳು. ಮೈದುನ ಗೊಣಗುತ್ತಲೇ ಬಾಟಲಿ ಕೂಡಿಸಿದ. ಟಿಪ್ಪರಿನ ಬಾಲದಿಂದ ಮೂತಿಯ ತನಕ ಮಾತ್ರ ಒತ್ತಬೇಕು, ಒಂದು ಏರಿಗೆ ಒಂದೇ ಸಲ ಎಂದು ಅತ್ತಿಗೆಯಿಂದ ಮಾತು ತೆಗೆದುಕೊಂಡ.

ಮೊದಲ ದಿನ ಗುಂಡಿ ಒತ್ತಿದಾಗ ಕಾರು ಯಾರೋ ಹಿಂದಿನಿಂದ ಒದ್ದ ಹಾಗೆ ಜಿಗಿಯಿತು. ಟಿಪ್ಪರು ಪಕ್ಕದಲ್ಲಿ ಬಂತು, ಹಿಂದಾಯಿತು. ಬಟನ್ ಕಿಟಕಿಯಿಂದ ಕೈ ಹೊರಹಾಕಿ ಡ್ರೈವರನಿಗೆ ಟಾಟಾ ಮಾಡಿದಳು. ಇಸ್ತ್ರಿಯಮ್ಮ ಕಣ್ಣು ಮುಚ್ಚಿದ್ದವಳು ಬಿಟ್ಟಿದ್ದು ಗೇಟಿನ ಮುಂದೆಯೇ. ಸೈರನ್ನಿಗೆ ಇನ್ನೂ ಹೊತ್ತಿತ್ತು. ಗುಂಡಕ್ಕ ಇಳಿದು ಬಾನೆಟ್ಟನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿದಳು.

ಹೀಗೇ ನಡೆದಿದ್ದರೆ ಕಾರು ಇನ್ನಷ್ಟು ದಿನ ಬಾಳುತ್ತಿತ್ತೇನೋ. ಆದರೆ ಗೇಟಿನ ಮುಂದೆ ಸುಮ್ಮನೆ ಕೂರುವ ಆ ಹೊತ್ತು ಎಲ್ಲರ ಕಣ್ಣಿಗೆ ಬಿತ್ತು.

“ಅಕ್ಕಾ, ಇಲ್ಲಿ ಬಂದು ಕೂತು ತೂಕಡಿಸೋ ಬದ್ಲು ಮನೇಲೇ ಮಲಗ್ಬಹುದಲ್ಲ?” ಎಂದಳು ಬಟನ್. ಕೂಸು ರಾತ್ರಿಯಿಡೀ ಎಬ್ಬಿಸಿ ಅವಳ ಕಣ್ಣು ಕೆಂಡವಾಗಿದ್ದವು. “ಸ್ವಲ್ಪ ತಡವಾಗಿ ಹೊರಡೋಣ. ಹ್ಯಾಗೂ ಗ್ಯಾಸ್ ಇದೆ.”

ಮೂರು ಕೈ ಕೂಡಲೇ ಎದ್ದವು. ಲೀಡರಕ್ಕನಿಗೆ ಗೊತ್ತಿತ್ತು. ತಡವಾಗಿ ಹೊರಟರೆ ಏರಿನ ಬುಡದಿಂದಲೇ ಒತ್ತಬೇಕು, ಒಂದಲ್ಲ ಮೂರು ಟಿಪ್ಪರು ದಾಟಬೇಕು. ಬೇಡ ಎನ್ನಲು ಬಾಯಿ ತೆರೆದಳು. ಬೆಳಗಿನ ಆ ಸ್ವಲ್ಪ ನಿದ್ದೆ, ಅಲಾರಂ ಕೂಗದ ಆ ಕತ್ತಲು, ಹೊದಿಕೆಯೊಳಗಿನ ಬಿಸಿ ನೆನಪಾಯಿತು. ಅವಳ ಬೆರಳೂ ಎದ್ದಿತು. ಆ ಕಾರಿನಲ್ಲಿ ಅವಿರೋಧವಾಗಿ ಪಾಸಾದದ್ದು ಅದೊಂದೇ ತೀರ್ಮಾನ.

ಅಲ್ಲಿಂದ ಬಾಟಲಿ ಬೇಗ ಬೇಗ ಖಾಲಿಯಾಗತೊಡಗಿತು, ಅದೊಂದನ್ನೇ ಒಯ್ದು ತುಂಬಿಸಿ ತರುತ್ತಿದ್ದರು. ಏರಿನಲ್ಲಿ ಎಂಜಿನ್ನಿನೊಳಗೆ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಬರುತ್ತಿತ್ತು. ಲೀಡರಕ್ಕನಿಗೆ ಅದು ಕೇಳುತ್ತಿತ್ತು. ಮೈದುನನಿಗೆ ತೋರಿಸಿದರೆ ಬೈಯುತ್ತಾನೆ, ಬೈದರೆ ಕಾರು ಬಿಟ್ಟು ಬರಬೇಕಾಗುತ್ತದೆ ಎಂದು ರೇಡಿಯೊ ಜೋರು ಮಾಡುತ್ತಿದ್ದಳು. ಅದಕ್ಕೆ ಮಾತ್ರ ಯಾರ ಓಟನ್ನೂ ಕೇಳಲಿಲ್ಲ.

ಎರಡನೇ ಟಿಪ್ಪರನ್ನು ದಾಟಿದ ಒಂದು ಬೆಳಿಗ್ಗೆ ಢಂ ಎಂದಿತು. ಬಿಳಿ ಹೊಗೆ ಬಾನೆಟ್ಟಿನಿಂದ ಎದ್ದು ಗಾಜನ್ನೆಲ್ಲ ಮುಚ್ಚಿತು. ಕಾರನ್ನು ಹೇಗೋ ಅಂಚಿಗೆ ತಂದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರು. ಯಾರೂ ಯಾರನ್ನೂ ಬೈಯಲಿಲ್ಲ, ಬೈಯಲೂ ಸುಸ್ತಾಗಿತ್ತು. ಇಸ್ತ್ರಿಯಮ್ಮ ಡಬ್ಬಿಯ ಚೀಲ ಎತ್ತಿಕೊಂಡು ಏರು ಹತ್ತತೊಡಗಿದಳು. ನಡೆದು ಮುಟ್ಟುವ ದಾರಿಯಲ್ಲ ಅದು.

ಆಗಲೇ ದಾಟಿದ್ದ ಟಿಪ್ಪರು ಹಿಂದಿನಿಂದ ತೆವಳುತ್ತಾ ಬಂದು ನಿಂತಿತು. ಡ್ರೈವರ್ ತಲೆ ಹೊರಹಾಕಿದ.

“ಏನ್ರಮ್ಮಾ, ಇವತ್ತು ಟಾಟಾ ಇಲ್ವಾ?” ಎಂದ. ಆಮೇಲೆ ಹೊಗೆ ನೋಡಿ ದನಿ ತಗ್ಗಿಸಿದ. “ಒಬ್ರಿಗೆ ಜಾಗ ಇದೆ. ಹತ್ತೋರು ಬೇಗ ಹತ್ತಿ, ಏರಲ್ಲಿ ನಿಲ್ಲಿಸೋ ಹಾಗಿಲ್ಲ.”

ಗುಂಡಕ್ಕ ಚಾಳಿಯಂತೆ, “ಹಾಗಾದ್ರೆ ಓಟು...” ಎಂದು ಶುರು ಮಾಡಿದಳು.

“ಬಾಯಿ ಮುಚ್ಚೇ,” ಎಂದಳು ಲೀಡರಕ್ಕ. ಓಡಿಹೋಗಿ ಇಸ್ತ್ರಿಯಮ್ಮನನ್ನು ಹಿಡಿದು ತಂದಳು. ಮುದುಕಿ, “ನೀನು ಹೋಗು, ಕಾರು ನಿಂದು” ಎಂದು ಏನೇನೋ ಗೊಣಗುತ್ತಿತ್ತು. ಮೂವರೂ ಸೇರಿ ಅವಳನ್ನು ಮೂಟೆಯ ಹಾಗೆ ಕೆಳಗಿನಿಂದ ನೂಕಿ ಹತ್ತಿಸಿದರು. ಟಿಪ್ಪರು ಹೊರಟಿತು. ದಿನಾ ಅದರ ನಿಧಾನವನ್ನು ಶಪಿಸಿದ ಮೂವರು, ತಿರುವಿನಲ್ಲಿ ಮರೆಯಾಗುವ ತನಕ ಅದು ಬೇಗ ಹೋಗಲಿ ಎಂದು ನೋಡುತ್ತ ನಿಂತರು.

ಅವರು ನಡೆದು ಗೇಟು ಮುಟ್ಟುವಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಗೇಟು ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಕಾವಲಿನವನು ಕಿಂಡಿಯಿಂದಲೇ ಇವತ್ತು ವಾಪಸು ಎಂದ. ಇಸ್ತ್ರಿಯಮ್ಮ ಬಂದಳೇ ಎಂದು ಕೇಳಿದ್ದಕ್ಕೆ, ಸೈರನ್ ಕೂಗ್ತಾ ಇರೋವಾಗ್ಲೇ ನುಗ್ಗಿದರು, ಮೈಯೆಲ್ಲ ಜಲ್ಲಿ ಧೂಳು, ಗುರುತೇ ಸಿಗಲಿಲ್ಲ ಎಂದ. ಬಟನ್ ಅಲ್ಲೇ ಕುಸಿದು ಕೂತು ಸ್ವಲ್ಪ ಅತ್ತಳು.

ಎದುರಿನ ಮೋರಿಕಟ್ಟೆಯ ಮೇಲೆ ಮೂವರೂ ಕೂತರು. ಸುದ್ದಿ ತಿಳಿದು ಕಾರನ್ನು ಗ್ಯಾರೇಜಿಗೆ ಎಳೆದುಕೊಂಡು ಹೋಗಿದ್ದ ಮೈದುನನ ಫೋನು ಬಂತು. ಪಿಸ್ಟನ್ ಕರಗಿ ತೂತಾಗಿದೆ ಎಂದ. ಎಷ್ಟು ದಿನದಿಂದ ಸದ್ದು ಬರ್ತಿತ್ತು ಎಂದು ಕೇಳಿದ. ಬೇರೆ ಎಂಜಿನ್ ಹುಡುಕಿ ಈ ಸಲ ಟರ್ಬೊ ಹಾಕೋಣ, ಏನಂತೀರಿ ಎಂದು ಅವನು ಕೇಳುತ್ತಿದ್ದಾಗಲೇ ಲೀಡರಕ್ಕ ಫೋನನ್ನು ಮಡಿಲಲ್ಲಿಟ್ಟಳು. ಅವನ ದನಿ ಅಲ್ಲೇ ಗುಂಯ್ ಎನ್ನುತ್ತಿತ್ತು.

“ನಾಳೆ ಮುದುಕಿ ಹ್ಯಾಗೆ ಬರುತ್ತೆ?” ಎಂದಳು ಗುಂಡಕ್ಕ.

ಲೀಡರಕ್ಕ ಗೇಟಿನ ಸರಳುಗಳ ನಡುವಿನಿಂದ ಒಳಗೆ ನೋಡಿದಳು. ಮೂಲೆಯ ಶೆಡ್ಡಿನ ಹಿಂದೆ ಕಂಪನಿ ಬಸ್ಸಿನ ತಲೆ ಕಾಣುತ್ತಿತ್ತು. ಟಯರು ಕೂತು ಅದು ಒಂದು ಕಡೆ ವಾಲಿತ್ತು. ರಿಪೇರಿಗೆ ಹೋಗಿದ್ದು ಅಲ್ಲಿಗೇ. ದಿನಾ ನೋಡಿ ನೋಡಿ ಕಣ್ಣು ಅದನ್ನು ಕಾಣುವುದನ್ನೇ ಬಿಟ್ಟಿತ್ತು.

“ಒಳಗೆ ಹೋಗಿ ಅದನ್ನ ಕೇಳ್ಬೇಕು,” ಎಂದಳು. ದನಿಯಲ್ಲಿ ಹುರುಪೇನೂ ಇರಲಿಲ್ಲ. “ಮತ್ತೆ ಮೊದ್ಲಿಂದ. ಹಾಳಾದ್ದು. ಯಾರ್ಯಾರು ಬರ್ತೀರಿ?”

ಗುಂಡಕ್ಕನ ಕೈ ಎದ್ದಿತು. ಬಟನ್ ಮೂಗು ಒರೆಸಿಕೊಂಡು ಅದೇ ಕೈ ಎತ್ತಿದಳು. ಬೆರಳೆತ್ತಲು ಇಲ್ಲಿ ಸ್ಟೀರಿಂಗ್ ಇರಲಿಲ್ಲ. ಲೀಡರಕ್ಕ ಎಡಗೈಯಿಂದ ಬಲಗೈಯ ಮೊಣಕೈ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಎಷ್ಟು ಏಳುತ್ತದೋ ಅಷ್ಟಕ್ಕೆ ಎತ್ತಿದಳು. ಕಿಂಡಿಯ ಹಿಂದಿದ್ದ ಕಾವಲಿನವನು ತನ್ನನ್ನೇ ಮಾತಾಡಿಸುತ್ತಿದ್ದಾರೆಂದುಕೊಂಡು ಅವನೂ ಕೈ ಎತ್ತಿದ.

“ಅವನ್ದೂ ಬಿತ್ತು,” ಎಂದಳು ಗುಂಡಕ್ಕ.

ಲೀಡರಕ್ಕ ಕೈ ಇಳಿಸಿ ಹೆಗಲು ತಿಕ್ಕಿಕೊಂಡಳು. ಕೆಲಸದ ಹೊತ್ತು ಮುಗಿಯಲು ಇನ್ನೂ ಬಹಳ ಇತ್ತು. ಇಸ್ತ್ರಿಯಮ್ಮ ಹೊರಬರಲಿ ಎಂದು ಮೂವರೂ ಅಲ್ಲೇ ಕೂತರು.